ಹಾಲಿನ ಕಸುವು

ನಮ್ಮವ್ವ ಕಾಯಿಸಿದ ಗಿಣ್ಣನ್ನು ಚಾಕುವಿನಲ್ಲಿ ಕೊಯ್ದು ಹಂಚಬೇಕಾಗಿತ್ತು. ಹಳ್ಳಿಕಾರ್ ಹಸು ಗೌರಿ ಕರು ಹಾಕಿದ ದಿನ ಮೊದಲು ಕರೆದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಗಿಟ್ಟರೆ ಅರ್ಧ ಗಂಟೆಯಲ್ಲಿ ಇಡ್ಲಿಯ ಹಾಗೆ ಕೂತುಬಿಡುತ್ತಿತ್ತು. ಹೆಪ್ಪು ಬೇಡ, ಹುಳಿ ಬೇಡ, ಬರೀ ಬಿಸಿ ಸಾಕು. ಬೀದಿಯ ಏಳೆಂಟು ಮನೆಗೆ ಒಂದೊಂದು ತುಂಡು ಹೋಗುತ್ತಿತ್ತು. ಗೌರಿ ಕೊಡುತ್ತಿದ್ದದ್ದು ಹೊತ್ತಿಗೆ ಒಂದೂವರೆ ಲೀಟರು ಹಾಲು, ಹೆಚ್ಚೆಂದರೆ ಎರಡು.

ಮದುವೆಯಾಗಿ ನಾನು ಬಂದ ಮನೆಯ ಕೊಟ್ಟಿಗೆಗೆ ಸೀಮೆಹಸು ಬಂತು. ಕಪ್ಪು ಬಿಳುಪಿನ ಎಚ್‌ಎಫ್ ಮಿಶ್ರತಳಿ. ಹೊತ್ತಿಗೆ ಎಂಟು ಲೀಟರು ಕರೆಯುತ್ತಿತ್ತು. ಊರಿನವರು ಬಂದು ನಿಂತು ನೋಡಿಕೊಂಡು ಹೋದರು. ಅದು ನಮ್ಮ ಮನೆಯಲ್ಲಿ ಕರು ಹಾಕಿದಾಗ ಅದೇ ಬೆಲ್ಲ, ಅದೇ ಹಬೆಪಾತ್ರೆ ಇಟ್ಟು ಗಿಣ್ಣು ಮಾಡಿದೆ. ಕೂರಲಿಲ್ಲ. ಚಮಚದಲ್ಲಿ ಬಾಚಿದರೆ ಗಂಜಿಯ ಹಾಗೆ ಜಾರಿತು. ಬಾಣಂತನ ನೋಡಲು ಬಂದಿದ್ದ ನಮ್ಮವ್ವ ಲೋಟ ಕೆಳಗಿಟ್ಟು ಅಂದಳು: ‘ಹಾಲು ಜಾಸ್ತಿಯಾಯ್ತು ಕಣವ್ವ, ಕಸುವು ಹೋಯ್ತು.’

ಆ ಮಾತು ನನ್ನನ್ನು ಬಿಡಲಿಲ್ಲ. ಕೆಲವು ವರ್ಷದ ಮೇಲೆ ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಹಾಲು ಪರೀಕ್ಷೆಯ ಕೆಲಸಕ್ಕೆ ಸೇರಿದೆ. ಊರಿನವರ ಬಾಯಲ್ಲಿ ಸಂಘ ‘ಡೈರಿ’, ನಾನು ‘ಟೆಸ್ಟರಮ್ಮ’. ಇಪ್ಪತ್ತೆರಡು ವರ್ಷ, ದಿನಕ್ಕೆ ಎರಡು ಹೊತ್ತು, ಊರಿನ ಎಲ್ಲ ಮನೆಯ ಹಾಲೂ ನನ್ನ ಕೈ ದಾಟಿಯೇ ಕ್ಯಾನಿಗೆ ಬಿದ್ದಿದೆ. ಹಾಲು ಹೆಚ್ಚಾದರೆ ಕಸುವು ಹೋಗುತ್ತದೆಯೇ ಎಂಬುದನ್ನು ಅಲ್ಲಿ ನಿಂತು ಕಲಿತೆ. ಅವ್ವನ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ಅದಕ್ಕಿಂತ ಮುಖ್ಯವಾದದ್ದು.

ಶುರುವಿನಲ್ಲಿ ನಮಗಿದ್ದದ್ದು ಲ್ಯಾಕ್ಟೋಮೀಟರು ಮತ್ತು ಗಾಜಿನ ಬ್ಯುಟಿರೋಮೀಟರು. 10 ಮಿ.ಲೀ. ಗಂಧಕಾಮ್ಲ ಹಾಕಿ, ಅದರ ಮೇಲೆ 10.75 ಮಿ.ಲೀ. ಹಾಲನ್ನು ಗಾಜಿನ ಗೋಡೆಗುಂಟ ಮೆಲ್ಲಗೆ ಇಳಿಸಿ, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಸೇರಿಸಿ, ಬಿರಡೆ ಹಾಕಿ ಅಲ್ಲಾಡಿಸಿದರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ಯಂತ್ರದಲ್ಲಿಟ್ಟು ತಿರುಗಿಸಿ ತೆಗೆದರೆ ಕಪ್ಪುಗಂದು ದ್ರವದ ಮೇಲೆ ಜಿಡ್ಡಿನ ಹಳದಿ ಪಟ್ಟಿ ಎದ್ದು ನಿಲ್ಲುತ್ತಿತ್ತು. ಸ್ವಿಟ್ಜರ್ಲೆಂಡಿನ ನಿಕ್ಲೌಸ್ ಗೆರ್ಬರ್ 1891ರಲ್ಲಿ ಪೇಟೆಂಟ್ ಪಡೆದ ವಿಧಾನ ಇದು. ಅದರಲ್ಲಿ ಆಮ್ಲ ಮಾಡುವ ಕೆಲಸವೇನೆಂದು ನನಗೆ ತಿಳಿದದ್ದು ತಡವಾಗಿ. ಹಾಲಿನ ಪ್ರೋಟೀನನ್ನು ಅದು ಕರಗಿಸಿ ಹಾಕುತ್ತದೆ, ಜಿಡ್ಡು ಸಲೀಸಾಗಿ ಮೇಲೆ ಬರಲಿ ಎಂದು. ಬೆಣ್ಣೆಯನ್ನು ಅಳೆಯುವುದಕ್ಕಾಗಿ ಪ್ರೋಟೀನನ್ನು ದಿನಕ್ಕೆ ನೂರಾರು ಸಲ ಸುಟ್ಟು ಚೆಲ್ಲಿದ್ದೇನೆ.

ಪ್ರೋಟೀನ್ ನಮ್ಮ ಪುಸ್ತಕದಲ್ಲಿ ಬೇರೆ ಹೆಸರಿನಲ್ಲಿ ಅಡಗಿರುತ್ತದೆ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ಉಳಿದದ್ದರಲ್ಲಿ ಫ್ಯಾಟು, ಅಂದರೆ ಜಿಡ್ಡು ತೆಗೆದರೆ ಮಿಕ್ಕಿದ್ದೆಲ್ಲ ಎಸ್‌ಎನ್‌ಎಫ್, ಜಿಡ್ಡಲ್ಲದ ಘನಾಂಶ. ಅದರೊಳಗೆ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಶೇ. 4.7ರ ಹತ್ತಿರ, ಪ್ರೋಟೀನ್ ಶೇ. 3.2ರ ಹತ್ತಿರ, ಸುಣ್ಣ ರಂಜಕದಂಥ ಖನಿಜ ಶೇ. 0.7. ಆರೋಗ್ಯವಾಗಿರುವ ಹಸುವಿನಲ್ಲಿ ಸಕ್ಕರೆಯೂ ಖನಿಜವೂ ಹೆಚ್ಚು ಅಲ್ಲಾಡುವುದಿಲ್ಲ. ಹಾಗಾಗಿ ನೀರು ಬೆರೆಸದ ಹಾಲಿನಲ್ಲಿ ಎಸ್‌ಎನ್‌ಎಫ್ 8.5ರಿಂದ 8.2ಕ್ಕೆ ಇಳಿದರೆ ಬಹುಪಾಲು ಇಳಿದದ್ದು ಪ್ರೋಟೀನೇ. ಲ್ಯಾಕ್ಟೋಮೀಟರಿನ ಅಳತೆಯನ್ನು ಡಿಗ್ರಿ ಎಂದು ಕರೆಯುವ ರೈತರು ‘ಡಿಗ್ರಿ ಬರ್ತಿಲ್ಲ’ ಎನ್ನುವಾಗ ಅವರಿಗೆ ಗೊತ್ತಿಲ್ಲದೆಯೇ ಪ್ರೋಟೀನಿನ ಮಾತಾಡುತ್ತಿರುತ್ತಾರೆ.

ಹೆಚ್ಚು ಹಾಲು ಕೊಡುವ ಹಸುವಿನಲ್ಲಿ ಅದು ಯಾಕೆ ಇಳಿಯುತ್ತದೆ? ಕೆಚ್ಚಲಿನ ಒಳಗೆ ನಡೆಯುವುದನ್ನು ನೆನೆದರೆ ನನಗೆ ಈಗಲೂ ಬೆರಗು. ಒಂದು ಲೀಟರು ಹಾಲಾಗಲು ಸುಮಾರು 500 ಲೀಟರು ರಕ್ತ ಕೆಚ್ಚಲಿನ ಮೂಲಕ ಹರಿದು ಹೋಗಬೇಕು. ಕಣ್ಣಿಗೆ ಕಾಣದ ಜೀವಕೋಶಗಳು ಆ ರಕ್ತದಿಂದ ಗ್ಲೂಕೋಸನ್ನು ಹೆಕ್ಕಿ ಲ್ಯಾಕ್ಟೋಸ್ ಕಟ್ಟುತ್ತವೆ. ಲ್ಯಾಕ್ಟೋಸ್ ತಾನಿದ್ದಲ್ಲಿಗೆ ನೀರನ್ನು ಎಳೆದುಕೊಳ್ಳುತ್ತದೆ, ಉಪ್ಪಿನಕಾಯಿಗೆ ಉಪ್ಪು ಹಾಕಿಟ್ಟರೆ ನೀರೊಡೆಯುವ ಹಾಗೆ. ಎಷ್ಟು ಲ್ಯಾಕ್ಟೋಸೋ ಅಷ್ಟು ನೀರು, ಎಷ್ಟು ನೀರೋ ಅಷ್ಟು ಲೀಟರು. ಯಾವ ಹಸುವಿನ ಹಾಲಾದರೂ ಸಕ್ಕರೆಯ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರುವುದು ಇದಕ್ಕೇ. ಪ್ರೋಟೀನಿಗೆ ಆ ಕಟ್ಟು ಇಲ್ಲ. ಅದನ್ನು ಅಮೈನೋ ಆಮ್ಲಗಳಿಂದ ಒಂದೊಂದಾಗಿ ಪೋಣಿಸಬೇಕು. ನೀರು ಓಡುವ ವೇಗಕ್ಕೆ ಪೋಣಿಸುವ ಕೈ ಸಾಲದೆ ಹೋದರೆ ಹಾಲು ತೆಳ್ಳಗಾಗುತ್ತದೆ. ಇನ್ನೂ ಸೋಜಿಗದ ಸಂಗತಿ: ಲ್ಯಾಕ್ಟೋಸ್ ಕಟ್ಟುವ ಕಿಣ್ವ ಕೆಲಸ ಮಾಡಬೇಕಾದರೆ ಆಲ್ಫಾ ಲ್ಯಾಕ್ಟಾಲ್ಬ್ಯುಮಿನ್ ಎಂಬ ಪ್ರೋಟೀನ್ ಬೇಕೇ ಬೇಕು, ಅದು ಹಾಲಿನದೇ ಒಂದು ಪ್ರೋಟೀನು. ಹಾಲನ್ನು ತೆಳ್ಳಗೆ ಮಾಡುವ ನೀರನ್ನು ಒಳಗೆ ಕರೆಯುವುದರಲ್ಲಿ ಪ್ರೋಟೀನಿನ ಕೈಯೂ ಇದೆ.

ತಳಿಗಳ ನಡುವೆ ಈ ಅಂತರ ಎದ್ದು ಕಾಣುತ್ತದೆ. ಎಚ್‌ಎಫ್ ಹಾಲಿನ ಪ್ರೋಟೀನ್ ಶೇ. 3.1, 3.2ರಲ್ಲಿ ಓಡಾಡುತ್ತದೆ. ಅದಕ್ಕಿಂತ ಕಡಿಮೆ ಕರೆಯುವ ಜರ್ಸಿಯದು ಶೇ. 3.8ರ ಆಸುಪಾಸು. ಬರೀ ಲೀಟರು ನೋಡಿ ಹೋರಿ ಆರಿಸುತ್ತ ಹೋದರೆ ಮುಂದಿನ ತಲೆಮಾರಿನಲ್ಲಿ ಪ್ರೋಟೀನಿನ ಶೇಕಡಾವಾರು ಇಳಿಯುತ್ತದೆ ಎಂಬುದು ತಳಿ ಅಭಿವೃದ್ಧಿ ಮಾಡುವವರಿಗೆಲ್ಲ ಗೊತ್ತಿರುವ ಸತ್ಯ.

ಇಲ್ಲಿಗೆ ನಿಲ್ಲಿಸಿದರೆ ಅವ್ವನ ಮಾತೇ ಗೆದ್ದಂತೆ. ಆದರೆ ಲೆಕ್ಕ ಹಾಕಿ ನೋಡಿ. ಗೌರಿಯ ಹಾಲಿನ ಪ್ರೋಟೀನ್ ಶೇ. 3.5 ಎಂದೇ ಹಿಡಿಯೋಣ. ದಿನಕ್ಕೆ ಮೂರು ಲೀಟರು, ಅಂದರೆ 105 ಗ್ರಾಂ. ಸೀಮೆಹಸುವಿನದು ಶೇ. 3.1, ದಿನಕ್ಕೆ ಹದಿನಾರು ಲೀಟರು, ಅಂದರೆ 496 ಗ್ರಾಂ. ಹೆಚ್ಚುಕಡಿಮೆ ಐದು ಪಟ್ಟು. 200 ಮಿ.ಲೀ. ಲೋಟದಲ್ಲಿ ನೋಡಿದರೆ ಒಂದರಲ್ಲಿ 7 ಗ್ರಾಂ, ಇನ್ನೊಂದರಲ್ಲಿ 6.2. ಮುಕ್ಕಾಲು ಗ್ರಾಂ ಚಿಲ್ಲರೆಯ ವ್ಯತ್ಯಾಸ. ಗೌರಿಯ ಹಾಲು ನಮ್ಮ ಮನೆಯ ಮೂರು ಮಕ್ಕಳಿಗೆ ಸಾಲುತ್ತಿರಲಿಲ್ಲ. ದೊಡ್ಡವಳಾದ ನನಗೆ ಸಿಗುತ್ತಿದ್ದದ್ದು ನೀರು ಮಜ್ಜಿಗೆ. ಅದನ್ನು ಮರೆತು ‘ನಾಟಿ ಹಸುವಿನ ಕಾಲವೇ ಚೆನ್ನಾಗಿತ್ತು’ ಎನ್ನಲು ನನ್ನಿಂದಾಗದು.

ಆ ಆರು ಗ್ರಾಮಿನ ಬೆಲೆ ನಮ್ಮ ಕಡೆಯ ಊಟದ ಜೊತೆ ಇಟ್ಟು ನೋಡಿದರೆ ತಿಳಿಯುತ್ತದೆ. ರಾಗಿಯಲ್ಲಿ ಪ್ರೋಟೀನ್ ಶೇ. 7ರಷ್ಟು, ಅದರಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕೊರತೆ. ಅಕ್ಕಿಯದೂ ಅದೇ ಕಥೆ. ಹಾಲಿನಲ್ಲಿ ಲೈಸಿನ್ ಧಾರಾಳ. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿಯುವವನ ಮೈಗೆ ರಾಗಿಯ ಪ್ರೋಟೀನೂ ಹೆಚ್ಚು ಹತ್ತುತ್ತದೆ. ಪ್ರೋಟೀನಿನ ಗುಣಮಟ್ಟ ಎಂದರೆ ಇದು: ಎಷ್ಟಿದೆ ಎಂಬುದರ ಜೊತೆಗೆ ಯಾವ ಅಮೈನೋ ಆಮ್ಲಗಳಿವೆ, ಎಷ್ಟು ಜೀರ್ಣವಾಗುತ್ತದೆ ಎಂಬುದು. 2013ರ ಆಗಸ್ಟಿನಲ್ಲಿ ಶಾಲೆಯ ಮಕ್ಕಳಿಗೆ ಹಾಲು ಕೊಡುವ ಸರ್ಕಾರದ ಕ್ಷೀರಭಾಗ್ಯ ಯೋಜನೆ ಶುರುವಾದಾಗ ಒಂದು ಮಗುವಿಗೆ 150 ಮಿ.ಲೀ. ಹಾಲು. ಅದರಲ್ಲಿ ಐದು ಗ್ರಾಮಿಗೆ ತುಸು ಕಡಿಮೆ ಪ್ರೋಟೀನು. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಬೇಕಾದ್ದು 23 ಗ್ರಾಂ. ಐದನೇ ಒಂದು ಪಾಲು ಒಂದೇ ಲೋಟದಲ್ಲಿ.

ಹಾಗಾದರೆ ಸೀಮೆಹಸುವಿನ ಹಾಲಿನ ಕಸುವು ನಿಜವಾಗಿ ಕಳೆದುಹೋಗುವುದು ಎಲ್ಲಿ? ಡೈರಿಯಲ್ಲಿ ನಾನು ಕಂಡಂತೆ ಎರಡು ಕಡೆ. ಒಂದು ಗೊಂತಿನಲ್ಲಿ, ಇನ್ನೊಂದು ಮೊಲೆತೊಟ್ಟಿನ ತುದಿಯಲ್ಲಿ.

ನಮ್ಮ ಪಕ್ಕದ ಬೀದಿಯ ಅಕ್ಕನೊಬ್ಬಳ ಹಾಲು ಒಂದು ಬೆಳಗ್ಗೆ ಎಸ್‌ಎನ್‌ಎಫ್ 8.1 ತೋರಿಸಿತು. ಹಿಂದಿನ ಸಂಜೆಯೂ ಹಾಗೇ. ನಿಯಮದ ಪ್ರಕಾರ ಹಾಲು ವಾಪಸು. ಸಾಲಿನಲ್ಲಿದ್ದವರು ಮುಖ ನೋಡಿಕೊಂಡರು. ಅವಳು ಕ್ಯಾನು ಹಿಡಿದು ಅಲ್ಲೇ ನಿಂತಳು. ‘ಹತ್ತು ವರ್ಸದಿಂದ ಹಾಲು ಹಾಕ್ತಾ ಇವ್ನಿ, ಒಂದ್ ತೊಟ್ಟು ನೀರು ಬೆರ್ಸಿಲ್ಲ ಕಣವ್ವ. ಮಕ್ಕಳಾಣೆಗೂ ಇಲ್ಲ.’ ಅವಳ ಮಾತನ್ನು ನಾನು ನಂಬಿದೆ. ಹಾಲು ಪರೀಕ್ಷೆಯ ಯಂತ್ರ ನಂಬಲಿಲ್ಲ. ಆ ಹಾಲನ್ನು ಅವಳು ಮನೆಗೆ ಹೊತ್ತುಕೊಂಡು ಹೋದದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಮಧ್ಯಾಹ್ನ ಅವಳ ಕೊಟ್ಟಿಗೆಗೆ ಹೋದೆ. ಕರು ಹಾಕಿ ಎರಡು ತಿಂಗಳಾದ ಹಸು, ದಿನಕ್ಕೆ ಹದಿನೆಂಟು ಲೀಟರು. ಬೆನ್ನಿನ ಮೂಳೆ ಎದ್ದು ಕಾಣುತ್ತಿತ್ತು, ಪಕ್ಕೆಲುಬು ಎಣಿಸಬಹುದಿತ್ತು. ಗೊಂತಿನ ತುಂಬ ಭತ್ತದ ಹುಲ್ಲು, ಪಕ್ಕದ ಬಕೆಟ್ಟಿನಲ್ಲಿ ನೆನೆಸಿದ ಕಡಲೆಕಾಯಿ ಹಿಂಡಿ. ‘ಡಿಗ್ರಿ ಬರಲಿ ಅಂತ ಹಿಂಡಿ ಎರಡು ಪಟ್ಟು ಮಾಡಿವ್ನಿ’ ಅಂದಳು. ಹಿಂಡಿ ಅಂದರೆ ಪ್ರೋಟೀನು, ಪ್ರೋಟೀನು ಕೊಟ್ಟರೆ ಪ್ರೋಟೀನು ಬರಬೇಕಲ್ಲ? ನಾನೂ ಬಹಳ ದಿನ ಹಾಗೇ ತಿಳಿದಿದ್ದೆ.

ನಮ್ಮ ಭಾಗಕ್ಕೆ ಬರುತ್ತಿದ್ದ ಪಶುವೈದ್ಯರು ಕೂತು ಬಿಡಿಸಿ ಹೇಳಿದ್ದು ಹೀಗೆ. ಹಸು ತಿಂದ ಹಿಂಡಿ ನೇರವಾಗಿ ಹಾಲಿನ ಪ್ರೋಟೀನ್ ಆಗುವುದಿಲ್ಲ. ಅದರ ದೊಡ್ಡ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಹಿಂಡಿಯ ಪ್ರೋಟೀನನ್ನು ಬಹುಮಟ್ಟಿಗೆ ಅವು ಒಡೆದು ಅಮೋನಿಯಾ ಮಾಡುತ್ತವೆ. ಆ ಅಮೋನಿಯಾದಿಂದ ತಮ್ಮ ಮೈ ಕಟ್ಟಿಕೊಂಡು ಬೆಳೆಯುತ್ತವೆ. ಮುಂದಿನ ಕರುಳಿಗೆ ಹರಿದ ಆ ಸೂಕ್ಷ್ಮಜೀವಿಗಳನ್ನೇ ಹಸು ಜೀರ್ಣಿಸಿಕೊಳ್ಳುತ್ತದೆ. ಹಾಲಿಗೆ ಹೋಗುವ ಅಮೈನೋ ಆಮ್ಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಅವುಗಳಿಂದ. ಅವು ಮೈ ಕಟ್ಟಲು ಶಕ್ತಿ ಬೇಕು, ಅಂದರೆ ಪಿಷ್ಟ, ಸಕ್ಕರೆ, ಎಳೆಯ ಹಸಿರು. ಒಣಹುಲ್ಲಿನ ಜೊತೆ ಬರೀ ಹಿಂಡಿ ಸುರಿದರೆ ಅಮೋನಿಯಾ ಹಾಗೇ ಉಳಿದು ರಕ್ತಕ್ಕೆ ಹೋಗುತ್ತದೆ, ಪಿತ್ತಜನಕಾಂಗ ಅದನ್ನು ಯೂರಿಯಾ ಮಾಡುತ್ತದೆ, ಅದು ಮೂತ್ರದಲ್ಲಿಯೂ ಹಾಲಿನಲ್ಲಿಯೂ ಹೊರಬೀಳುತ್ತದೆ. ದುಡ್ಡು ಕೊಟ್ಟು ತಂದ ಹಿಂಡಿ ಗಂಜಲವಾಗಿ ಹರಿಯುತ್ತದೆ. ಹಸು ಬಡಕಲಾಗುತ್ತದೆ.

ಕರು ಹಾಕಿದ ಆರರಿಂದ ಹತ್ತು ವಾರದೊಳಗೆ ಹಾಲು ಮೇಲೇರಿರುತ್ತದೆ, ಆಗಲೇ ಪ್ರೋಟೀನು ಎಲ್ಲಕ್ಕಿಂತ ಕೆಳಗಿರುತ್ತದೆ. ತಿನ್ನುವುದಕ್ಕಿಂತ ಹೆಚ್ಚು ಕರೆಯುತ್ತ ಹಸು ತನ್ನ ಮೈಯ ಕೊಬ್ಬು ಕರಗಿಸುತ್ತಿರುತ್ತದೆ. ಬೇಸಿಗೆಯಾದರೆ ಇನ್ನೂ ಕಷ್ಟ, ಸೆಕೆಗೆ ಮೇವು ಬಿಡುತ್ತದೆ. ಅಕ್ಕನ ಹಸುವಿಗೆ ಹಿಂಡಿ ಇಳಿಸಿ, ಮುಸುಕಿನ ಜೋಳದ ನುಚ್ಚು ಸೇರಿಸಿ, ಹಸಿ ಜೋಳದ ಕಡ್ಡಿ ಕತ್ತರಿಸಿ ನಾಲ್ಕು ಹೊತ್ತು ಹಾಕಿದೆವು, ಖನಿಜ ಮಿಶ್ರಣವನ್ನೂ. ನುಚ್ಚು ಒಮ್ಮೆಲೇ ಹೆಚ್ಚಿಸಬೇಡಿ ಎಂದು ವೈದ್ಯರು ಮೂರು ಸಲ ಎಚ್ಚರಿಸಿದ್ದರು. ಹೊಟ್ಟೆ ಹುಳಿಯಾಗಿ ಹಸು ಮಲಗಿಬಿಡುತ್ತದೆ. ಮೂರು ವಾರಕ್ಕೆ 8.4 ಬಂತು, ಆಮೇಲೆ 8.5. ಮೇವಿನಿಂದ ಪ್ರೋಟೀನನ್ನು ಅಲ್ಲಾಡಿಸಲು ಆಗುವುದು ಇಷ್ಟೇ, ಒಂದೆರಡು ಕೂದಲೆಳೆ. ಜಿಡ್ಡು ಇದಕ್ಕಿಂತ ಬೇಗ ಏರಿಳಿಯುತ್ತದೆ. ಆದರೆ ಆ ಕೂದಲೆಳೆಯ ಮೇಲೇ ಅವಳ ಬಟವಾಡೆ ನಿಂತಿತ್ತು.

ಎರಡನೆಯದು ಕೆಚ್ಚಲು ಬಾವು. ಕೆಚ್ಚಲು ಕೆಂಪಾಗಿ ಊದಿ, ಹಾಲು ಒಡೆದು ಬಂದರೆ ಯಾರಿಗಾದರೂ ಗೊತ್ತಾಗುತ್ತದೆ. ನಾನು ಹೇಳುತ್ತಿರುವುದು ಏನೂ ಕಾಣದ ಬಾವಿನ ಬಗ್ಗೆ. ನಾಲ್ಕು ಗುಳಿಯ ಪ್ಲಾಸ್ಟಿಕ್ ತಟ್ಟೆಯಲ್ಲಿ ನಾಲ್ಕು ಮೊಲೆಯ ಹಾಲನ್ನು ಬೇರೆ ಬೇರೆ ಕರೆದು, ಸೋಪಿನಂಥ ದ್ರವ ಹಾಕಿ ದುಂಡಗೆ ತಿರುಗಿಸಬೇಕು. ಮೂರು ಗುಳಿಯಲ್ಲಿ ಹಾಲು ಹಾಲಾಗಿಯೇ ಓಡಾಡುತ್ತದೆ. ನಾಲ್ಕನೆಯದರಲ್ಲಿ ಮೊಟ್ಟೆಯ ಬಿಳಿಯ ಹಾಗೆ ಲೋಳೆಗಟ್ಟಿ ತಟ್ಟೆಯ ನಡುವೆ ಗುಡ್ಡೆಯಾಗುತ್ತದೆ. ರೋಗಾಣುವಿನ ಮೇಲೆ ಯುದ್ಧಕ್ಕೆ ಬಂದ ರಕ್ತದ ಬಿಳಿಕಣಗಳು ಅಲ್ಲಿ ತುಂಬಿವೆ ಎಂದರ್ಥ. ಹಸು ಮೇವು ತಿನ್ನುತ್ತಿರುತ್ತದೆ, ಹಾಲು ಬಿಳಿಯಾಗಿಯೇ ಇರುತ್ತದೆ, ದಿನಕ್ಕೆ ಒಂದೆರಡು ಲೀಟರು ಸದ್ದಿಲ್ಲದೆ ಇಳಿದಿರುತ್ತದೆ.

ಪ್ರೋಟೀನಿನ ಗುಣ ಕೆಡುವುದು ಇಲ್ಲೇ. ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೇಸೀನ್, ಮೊಸರಾಗುವುದು, ಪನೀರಾಗುವುದು ಅದು. ಉಳಿದ ಇಪ್ಪತ್ತು ಪಾಲು ತಿಳಿಯಲ್ಲಿ ಉಳಿಯುವ ಪ್ರೋಟೀನು. ಬಾವು ಬಂದ ಕೆಚ್ಚಲಿನಲ್ಲಿ ಪ್ಲಾಸ್ಮಿನ್ ಎಂಬ ಕಿಣ್ವ ಹೆಚ್ಚಾಗಿ ಕೇಸೀನನ್ನು ಕೆಚ್ಚಲೊಳಗೇ ಕತ್ತರಿಸತೊಡಗುತ್ತದೆ. ರಕ್ತದ ಪ್ರೋಟೀನು ಹಾಲಿಗೆ ಜಿನುಗುತ್ತದೆ. ಲ್ಯಾಕ್ಟೋಸ್ ಇಳಿದು ಉಪ್ಪಿನಂಶ ಏರುತ್ತದೆ, ನಾಲಿಗೆಗೆ ಸಣ್ಣಗೆ ಉಪ್ಪು ಹತ್ತುತ್ತದೆ. ಒಟ್ಟು ಪ್ರೋಟೀನಿನ ಸಂಖ್ಯೆ ಹೆಚ್ಚು ಬದಲಾಗದೆಯೂ ಇರಬಹುದು. ಆದರೆ ಆ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ನೀರು ಬಿಟ್ಟುಕೊಂಡು ಮೆತ್ತಗೆ ಕೂರುತ್ತದೆ. ದೊಡ್ಡ ಕೆಚ್ಚಲು ನೆಲಕ್ಕೆ ಜೋತು ಬಿದ್ದ, ಹೆಚ್ಚು ಕರೆಯುವ ಹಸುಗಳಿಗೆ ಈ ಕಾಟ ಹೆಚ್ಚು. ಕರೆದ ಕೂಡಲೇ ಹಸು ಮಲಗದ ಹಾಗೆ ಮುಂದೆ ಒಂದು ಹಿಡಿ ಮೇವು ಹಾಕಿ, ತೊಟ್ಟಿನ ಬಾಯಿ ಮುಚ್ಚಿಕೊಳ್ಳಲು ಸಮಯ ಬೇಕು. ಹಾಲು ಹಾಕಲು ಬರುವ ಪ್ರತಿಯೊಬ್ಬರಿಗೂ ಇಷ್ಟನ್ನು ಹೇಳದೆ ನಾನು ರಸೀದಿ ಕೊಟ್ಟವಳಲ್ಲ.

ಮೊಸರಿನ ಮಾತು ಬಂತಲ್ಲ. ನಮ್ಮತ್ತೆ ಬೆರಣಿಯ ಒಲೆಯ ಮೇಲೆ ಮಡಕೆಯಲ್ಲಿ ಹಾಲನ್ನು ಮಧ್ಯಾಹ್ನದವರೆಗೆ ಕಾಯಿಸುತ್ತಿದ್ದರು, ಕೆಂಪಗಾಗುವ ತನಕ. ಅದೇ ತೆಳ್ಳನೆಯ ಸೀಮೆಹಸುವಿನ ಹಾಲು ಅವರ ಕೈಯಲ್ಲಿ ಮಡಕೆ ಬೋರಲು ಹಾಕಿದರೂ ಬೀಳದ ಮೊಸರಾಗುತ್ತಿತ್ತು. ನೀರು ಆವಿಯಾಗಿ ಹಾಲು ಗಟ್ಟಿಯಾಗುವುದು ಒಂದು ಕಾರಣ. ಇನ್ನೊಂದು, ಹೊತ್ತಿಡೀ ಕಾದಾಗ ತಿಳಿಯ ಪ್ರೋಟೀನುಗಳು ಬಿಚ್ಚಿಕೊಂಡು ಕೇಸೀನಿಗೆ ಅಂಟುತ್ತವೆ. ಮೊಸರು ಕಟ್ಟುವಾಗ ಅವೂ ಬಲೆಯೊಳಗೆ ಸೇರಿ ನೀರನ್ನು ಹಿಡಿದಿಡುತ್ತವೆ. ಕೆಂಪು ಬಣ್ಣ ಮಾತ್ರ ಪುಕ್ಕಟೆ ಅಲ್ಲ: ಹಾಲಿನ ಸಕ್ಕರೆಯೂ ಲೈಸಿನ್ನೂ ಕೂಡಿಕೊಂಡು ಬರುವ ಬಣ್ಣ ಅದು, ಸ್ವಲ್ಪ ಲೈಸಿನ್ ಮೈಗೆ ದಕ್ಕದೆ ಹೋಗುತ್ತದೆ. ಆ ಮೊಸರಿನ ರುಚಿಗೆ ನಾನು ಅಷ್ಟನ್ನು ಸಂತೋಷವಾಗಿ ಕೊಡುತ್ತೇನೆ.

ಈಗ ಅಳತೆಯ ಇನ್ನೊಂದು ಮುಖ ಹೇಳಬೇಕು. ಪ್ರಯೋಗಾಲಯದಲ್ಲಿ ಪ್ರೋಟೀನ್ ಅಳೆಯುವ ಹಳೆಯ ವಿಧಾನ ಅಳೆಯುವುದು ಸಾರಜನಕವನ್ನು. ಬಂದ ಸಾರಜನಕವನ್ನು 6.38ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತಾರೆ. ಸಾರಜನಕ ಎಲ್ಲಿಂದ ಬಂತೆಂದು ಆ ಪರೀಕ್ಷೆ ಕೇಳುವುದಿಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಸಾರಜನಕ ತುಂಬಿದ ಮೆಲಮೈನ್ ಸೇರಿಸಿದರು. ಕಾಗದದ ಮೇಲೆ ಪ್ರೋಟೀನ್ ಸರಿಯಾಗಿತ್ತು. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಹಸುಗೂಸುಗಳು ಸತ್ತವು. ನಮ್ಮಲ್ಲಿ ಯೂರಿಯಾ ಬೆರೆಸುವವರದೂ ಇದೇ ಬುದ್ಧಿ. ಯೂರಿಯಾ ಪರೀಕ್ಷೆಯಲ್ಲಿ ಒಳ್ಳೆಯ ಹಾಲೂ ಸ್ವಲ್ಪ ಹಳದಿಗೆ ತಿರುಗುತ್ತದೆ, ಹಸುವಿನದೇ ಯೂರಿಯಾ ಅದರಲ್ಲಿರುತ್ತದೆ. ಬೆರಕೆಯಾದದ್ದು ಗಾಢ ಹಳದಿ. ಆ ಎರಡು ಹಳದಿಗಳ ನಡುವೆ ಒಬ್ಬರ ಮಾನ ಇರುತ್ತದೆ. ಅನುಮಾನ ಬಂದಾಗ ನಾನು ಮೂರು ಸಲ ಪರೀಕ್ಷೆ ಮಾಡಿದ್ದೇನೆ.

ಬೆಂಗಳೂರಿನಿಂದ ಬರುವ ನೆಂಟರು ಮೊದಲು ಕೇಳುವುದು ಎ1, ಎ2 ಬಗ್ಗೆ. ಬೀಟಾ ಕೇಸೀನ್ ಎಂಬ ಪ್ರೋಟೀನಿನ ಸರಪಳಿಯಲ್ಲಿ 67ನೇ ಮಣಿ ಪ್ರೋಲಿನ್ ಆದರೆ ಎ2, ಹಿಸ್ಟಿಡಿನ್ ಆದರೆ ಎ1. ನಮ್ಮ ದೇಸಿ ತಳಿಗಳಲ್ಲಿ ಬಹುಪಾಲು ಎ2. ಎಚ್‌ಎಫ್‌ನಲ್ಲಿ ಎರಡೂ ಉಂಟು, ಪೂರ್ತಿ ಎ2 ಆದ ಎಚ್‌ಎಫ್ ಹಸುಗಳೂ ಇವೆ. ಎ1ರಿಂದ ರೋಗ ಬರುತ್ತದೆ ಎಂಬುದಕ್ಕೆ ಕಾರಣ-ಪರಿಣಾಮದ ಸಂಬಂಧ ಸಿಕ್ಕಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಹೇಳಿತು. 2024ರ ಆಗಸ್ಟಿನಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪೊಟ್ಟಣಗಳ ಮೇಲಿನ ಎ1, ಎ2 ಹೆಸರು ತೆಗೆಯಿರಿ ಎಂದು ಆದೇಶಿಸಿ, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಒಂದು ಮಣಿಗೆ ಇಷ್ಟು ದುಬಾರಿ ಬೆಲೆ ಕೊಡುವವರು ಆ ಹಸುವಿನ ಕೆಚ್ಚಲು ಹೇಗಿದೆ ಎಂದು ಒಮ್ಮೆ ಕೇಳಲಿ ಎಂಬುದು ನನ್ನ ಆಸೆ.

ನನ್ನ ದೂರು ಇರುವುದು ದುಡ್ಡಿನ ಲೆಕ್ಕದ ಮೇಲೆ. ಸರ್ಕಾರದ ಪ್ರೋತ್ಸಾಹಧನ ಸಿಗುವುದು ಲೀಟರಿನ ಲೆಕ್ಕಕ್ಕೆ. ಎಸ್‌ಎನ್‌ಎಫ್ ಗೆರೆ ದಾಟಿದರೆ ಸಾಕು, ಮುಂದಕ್ಕೆ ಲೀಟರೇ ದೇವರು. ನ್ಯೂಜಿಲೆಂಡಿನಲ್ಲಿ ರೈತನಿಗೆ ದುಡ್ಡು ಬರುವುದು ಹಾಲಿನೊಳಗಿನ ಜಿಡ್ಡು ಮತ್ತು ಪ್ರೋಟೀನಿನ ಕಿಲೋ ತೂಕಕ್ಕೆ. ಅಲ್ಲಿ ಜರ್ಸಿಯ ರಕ್ತಕ್ಕೆ ಬೆಲೆ ಉಳಿದಿರುವುದು ಅದರಿಂದಲೇ. ಹಾಲಿನ ಪ್ರಮಾಣಕ್ಕಿಂತ ಪ್ರೋಟೀನಿನ ಶೇಕಡಾವಾರು ತಾಯಿ ತಂದೆಯಿಂದ ಹೆಚ್ಚು ಗಟ್ಟಿಯಾಗಿ ಇಳಿದು ಬರುತ್ತದೆ. ಆದ್ದರಿಂದ ಹೋರಿ ಆರಿಸುವಾಗ ಅದನ್ನೂ ಕೇಳಿದರೆ ಎರಡು ಮೂರು ತಲೆಮಾರಿನಲ್ಲಿ ಫಲ ಕಾಣುತ್ತದೆ. ನಮ್ಮೂರಿನಲ್ಲಿ ಹಸು ಬೆದೆಗೆ ಬಂದಾಗ ಕೃತಕ ಗರ್ಭಧಾರಣೆ ಮಾಡಲು ಬಂದವರನ್ನು ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಲೀಟ್ರಿಂದು ಸ್ವಾಮಿ?’ ಬಟವಾಡೆ ಚೀಟಿಯಲ್ಲಿ ಪ್ರೋಟೀನ್ ಎಂಬ ಒಂದು ಕಾಲಂ ಇದ್ದಿದ್ದರೆ ಆ ಅಕ್ಕನೇ ಎರಡನೇ ಪ್ರಶ್ನೆ ಕೇಳುತ್ತಿದ್ದಳು. ಕೆಲವು ಡೈರಿಗಳ ಯಂತ್ರದ ಪರದೆಯ ಮೇಲೆ ಆ ಸಂಖ್ಯೆ ಈಗಾಗಲೇ ಮೂಡುತ್ತದೆ. ರೈತನ ಚೀಟಿಗೆ ಇಳಿಯುವುದಿಲ್ಲ.

ಹೋದ ಶ್ರಾವಣದಲ್ಲಿ ನಮ್ಮ ಮನೆಯ ಹಸು ಕರು ಹಾಕಿತು, ಆ ಮೊದಲ ಸೀಮೆಹಸುವಿನ ಮರಿಮಗಳು. ಗಿಣ್ಣಿನ ಪಾತ್ರೆ ತೊಳೆದಿಡುವಾಗ ಅವ್ವನ ಮಾತು ನೆನಪಾಯಿತು, ಅದರ ಜೊತೆಗೆ ಇಷ್ಟು ವರ್ಷ ನಾನು ಗಮನಿಸದ ಒಂದು ಸಂಗತಿಯೂ. ಕರು ಹಾಕಿದ ಹಸುವಿನ ಮೊದಲ ಹಾಲಿನಲ್ಲಿ ಪ್ರೋಟೀನ್ ಶೇ. 14ರ ಹತ್ತಿರ ಇರುತ್ತದೆ. ಎರಡನೇ ಸಲ ಕರೆದಾಗ ಎಂಟು, ಮೂರನೇ ಸಲ ಐದು. ಗೌರಿಯ ಗಿಣ್ಣು ಮೊದಲ ಹಾಲಿನದು. ಸೀಮೆಹಸುವಿನ ಮೊದಲ ಹಾಲನ್ನು ಪಶುವೈದ್ಯರ ಮಾತಿನಂತೆ ಕರುವಿಗೇ ಕುಡಿಸಿದ್ದೆವು, ನಾನು ಹಬೆಗಿಟ್ಟದ್ದು ಅದರ ಮಾರನೆಯ ದಿನದ ಹಾಲು. ಹೆಚ್ಚು ಕರೆಯುವ ಹಸುವಿನ ಗಿಣ್ಣು ತೆಳ್ಳಗಿರುವುದು ನಿಜವೇ, ರೋಗ ತಡೆಯುವ ಪ್ರೋಟೀನುಗಳು ಹೆಚ್ಚು ನೀರಿನಲ್ಲಿ ಹರಡಿಹೋಗುತ್ತವೆ. ಆದರೆ ಅವ್ವ ಅವತ್ತು ತೂಗಿದ್ದು ಸಮನಾದ ಎರಡು ಲೋಟಗಳನ್ನಲ್ಲ. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲ, ಆ ಮೊದಲ ಹಾಲಿನಿಂದಲೇ ಬರಬೇಕು, ಅದೂ ಮೊದಲ ಕೆಲವು ಗಂಟೆಗಳಲ್ಲಿ. ಒಂದು ದಿನ ಕಳೆದರೆ ಕರುಳು ಅದನ್ನು ಹಾಗೇ ಹೀರಿಕೊಳ್ಳುವುದನ್ನು ನಿಲ್ಲಿಸುತ್ತದೆ. ಗೌರಿಯ ಎರಡು ಕರುಗಳು ತಿಂಗಳು ತುಂಬುವ ಮೊದಲೇ ಭೇದಿಯಾಗಿ ಸತ್ತಿದ್ದವು. ದೃಷ್ಟಿ ತಗುಲಿತು ಎಂದು ಆಗ ಮಾತಾಡಿಕೊಂಡಿದ್ದರು.

ಈ ಸಲ ಮೊದಲ ಎರಡು ಕರೆತದ ಹಾಲನ್ನು ಬಾಟಲಿಯಲ್ಲಿ ಕರುವಿಗೆ ಕುಡಿಸಿದೆ. ಮೂರನೆಯದರಲ್ಲಿ ಒಂದು ಪಾತ್ರೆ ಒಳಗೆ ತಂದು ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿದೆ. ಗಟ್ಟಿಯಾಗಲಿಲ್ಲ. ಲೋಟಕ್ಕೆ ಬಗ್ಗಿಸಿ ಮೊಮ್ಮಗಳ ಕೈಗೆ ಕೊಟ್ಟೆ. ಅವಳು ಒಂದು ಕೈಯಲ್ಲಿ ಲೋಟ ಹಿಡಿದು, ಇನ್ನೊಂದು ಕೈಯ ಬೆರಳನ್ನು ಕರುವಿನ ಬಾಯಿಗೆ ಕೊಟ್ಟು ಕೊಟ್ಟಿಗೆಯ ಹೊಸಲ ಮೇಲೆ ಕೂತಳು.